ಹುರಿಯೋ ಮಣ್ಣಲ್ಲ, ಉದುರೋ ಮಣ್ಣು

14 ಜೂನ್ 2024, ಶುಕ್ರವಾರ
ಚಿಂತಾಮಣಿ

"ಅತ್ತೆ, ಫ್ರಯಬಲ್ ಸಾಯಿಲ್ ಅಂದ್ರೆ ಹುರಿಯೋಕೆ ಬರೋ ಮಣ್ಣಾ?"

ಬೆಳಗ್ಗೆ ಕಾಫಿ ಸೋಸುತ್ತಿದ್ದಾಗ ಅಣ್ಣನ ಮಗ ಕೇಳಿದ. ಕೃಷಿ ಬಿಎಸ್ಸಿ, ಮೊದಲ ವರ್ಷ. ನಗು ಬಂತು, ಆದರೆ ಜೋರಾಗಿ ನಗೋ ಹಾಗಿರಲಿಲ್ಲ. ಫ್ರೈಗೂ ಇದಕ್ಕೂ ಏನೋ ನಂಟಿದೆ ಅಂತ ನಾನೂ ಅಂದುಕೊಂಡಿದ್ದೆ. ಡಿಕ್ಷನರಿ ನೋಡಿದರೆ ನಂಟೇ ಇಲ್ಲ. ಇದು ಲ್ಯಾಟಿನ್‌ನ ಫ್ರಿಯಾರೆಯಿಂದ ಬಂದದ್ದು, ಪುಡಿ ಮಾಡು ಅಂತ ಅರ್ಥ. ಹುರಿಯೋ ಫ್ರೈ ಬೇರೆಯೇ ಬೇರಿನದು.

ಹುಡುಗ 'ಪುಡಿಯಾಗಬಲ್ಲ' ಅಂತ ಬರೆದುಕೊಂಡ. ನನಗೆ ಸರಿ ಕಾಣಲಿಲ್ಲ. ಕುಟ್ಟಿದರೆ ಕಲ್ಲೂ ಪುಡಿಯಾಗುತ್ತೆ, ಅಲ್ವಾ? ಇದು ಬರೀ ಬೆರಳ ಒತ್ತಿಗೆ ಆಗಬೇಕು.

ಹತ್ತು ಗಂಟೆಗೆ ಅಪ್ಪನ ಜೊತೆ ಹೊಲಕ್ಕೆ ಹೋದೆವು. ರಾಗಿಗೆ ಒಂದು ಉಳುಮೆ ಆಗಿದೆ, ಮೊನ್ನೆ ಮಳೆಯೂ ಬಂದಿದೆ. ಅಪ್ಪ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಕೆಮ್ಮಣ್ಣು ತೆಗೆದು ಹಿಸುಕಿದರು. ಅಂಗೈ ಬಿಚ್ಚಿದಾಗ ಉಂಡೆ ಹಾಗೇ ಇತ್ತು, ಬೆರಳ ಗುರುತು ಸಮೇತ. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರು. ಉದುರಿತು. "ಹದ ಬಂದೈತೆ," ಅಂದರು. ಕೆಳಗಿನ ತುಂಡಿಗೆ ಕೆರೆ ಗೋಡು ಹೊಡೆಸಿದ್ದೇವೆ. ಅಲ್ಲಿಯ ಉಂಡೆ ಒತ್ತಿದರೂ ಒಡೆಯಲಿಲ್ಲ, ಸುಮ್ನೆ ಚಪ್ಪಟೆಯಾಗಿ ಬೆರಳಿಗೆ ಅಂಟಿತು. "ಇಲ್ಲಿ ಈಗ ನೇಗಿಲು ಹಾಕಿದ್ರೆ ಹೆಂಟೆ ಏಳ್ತದೆ. ಎರಡು ದಿನ ಬಿಡಬೇಕು."

ಹುಡುಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವನ ನೋಟ್ಸಲ್ಲೂ ಇದೇ ಪರೀಕ್ಷೆ ಇದೆ: ತೇವದ ಮಣ್ಣನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ನೋಡು. ತಾನೇ ಉದುರಿದರೆ ಲೂಸ್, ಆಮೇಲೆ ವೆರಿ ಫ್ರಯಬಲ್, ಫ್ರಯಬಲ್, ಫರ್ಮ್, ಹೀಗೆ ಗಟ್ಟಿಯಾಗುತ್ತಾ ಹೋಗುತ್ತದೆ. 'ಪುಡಿಯಾಗಬಲ್ಲ' ಹೊಡೆದುಹಾಕಿ 'ಉದುರು ಹದ' ಅಂತ ಬರೆಸಿದೆ. ನನಗಂತೂ ಸಾಕು.

ಒಂದು ವಿಚಿತ್ರ. ಮಣ್ಣಿಗೆ ಹೊಗಳಿಕೆಯಾದ ಈ ಮಾತು ಬೇರೆ ಕಡೆ ಹೆದರಿಸುತ್ತದೆ. ಒಣಗಿದಾಗ ಕೈಯಲ್ಲೇ ಪುಡಿಯಾಗುವ ಆಸ್ಬೆಸ್ಟಾಸ್ ಫ್ರಯಬಲ್. ಅದರ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹೋಗುತ್ತವೆ. ಮುಟ್ಟಿದರೆ ಕಿತ್ತು ರಕ್ತ ಬರುವ ಊತಕಕ್ಕೂ ಡಾಕ್ಟರುಗಳು ಇದೇ ಮಾತು ಬರೆಯುತ್ತಾರೆ. ಅಲ್ಲಿ 'ಹದ' ಅಂದರೆ ಆಗುತ್ತಾ?

ಸಂಜೆ ಅಮ್ಮ ರವೆ ಉಂಡೆ ಕಟ್ಟಿದ್ದರು. ಹುಡುಗ ಎತ್ತಿಕೊಂಡ ಕೂಡಲೇ ಅರ್ಧ ನೆಲಕ್ಕೆ. "ವೆರಿ ಫ್ರಯಬಲ್ ಅಜ್ಜಿ," ಅಂದ. ಹೊಗಳಿದ ಅಂದುಕೊಂಡು ಅಮ್ಮ ಇನ್ನೊಂದು ಕೊಟ್ಟರು.