ಕಾಫಿ ಹೂವಿಗೆ ಒಂದು ಗಂಟು

ಯುಗಾದಿ ಆದ್ಮೇಲಿನ ಭಾನುವಾರ. ಮೈಸೂರಿಂದ ಅಕ್ಕನ ಇಬ್ರು ಮಕ್ಕಳು ಬಂದಿದ್ರು, ದೊಡ್ಡವಳಿಗೆ ಏಳು, ಸಣ್ಣವನಿಗೆ ನಾಲ್ಕು. ನಮ್ದು ಸೋಮವಾರಪೇಟೆಯಿಂದ ಮಾದಾಪುರದ ಕಡೆ ಹೋಗೋ ದಾರಿಲಿ ಸಣ್ಣ ಕಾಫಿ ತೋಟ, ಜಾಸ್ತಿ ಅರೇಬಿಕಾ, ಕೆಳಗಡೆ ಗದ್ದೆ ಪಕ್ಕ ಸ್ವಲ್ಪ ರೋಬಸ್ಟಾ. ಹಿಂದಿನ ವಾರ ಒಂದೇ ಸಂಜೆ 90 ಸೆಂಟ್ಸ್ ಮಳೆ ಬಿದ್ದಿತ್ತು. ನಮ್ಕಡೆ ಮಳೆನ ಇಂಚು, ಸೆಂಟ್ಸಲ್ಲೇ ಲೆಕ್ಕ ಹಾಕೋದು, ನೂರು ಸೆಂಟ್ಸಿಗೆ ಒಂದು ಇಂಚು, ಫೋನ್ ಮಾಡಿದ್ರೆ ಹೇಗಿದೀಯಾ ಅನ್ನೋಕೆ ಮುಂಚೆ ನಿಮ್ಕಡೆ ಎಷ್ಟು ಬಿತ್ತು ಅಂತಾರೆ. ಆ ಹೂಮಳೆ, ಅಂದ್ರೆ ಕಾಫಿ ಮೊಗ್ಗು ಅರಳಿಸೋ ಮಳೆ, ಬಿದ್ದ ಒಂಬತ್ತನೇ ದಿನಕ್ಕೆ ಸರಿಯಾಗಿ ತೋಟ ಪೂರ್ತಿ ಬೆಳ್ಳಗಾಗಿತ್ತು. ಘಮ ಎಷ್ಟಂದ್ರೆ ಅಡುಗೆಮನೇಲಿ ಒಗ್ಗರಣೆ ಹಾಕಿದ್ರೂ ಮಲ್ಲಿಗೆ ವಾಸನೇನೇ.

ಬೆಳಗ್ಗೆ ಹತ್ತಕ್ಕೆ ಕರೆಂಟ್ ಹೋಯ್ತು, ಹಿಂದೇನೆ ಮೊಬೈಲ್ ಟವರ್ರೂ ಹೋಯ್ತು. ನಾನು ಇದಕ್ಕೆ ರೆಡಿ ಇದ್ದೆ ಅಂತಾನೇ ಹೇಳ್ಬೇಕು, ಶನಿವಾರ ಸಂತೆಗೆ ಹೋದಾಗ ಎರಡು ಪ್ಯಾಕೆಟ್ ಗ್ಲೇಸ್ ಪೇಪರ್ ತಂದಿದ್ದೆ, ರಾತ್ರಿ ಕೂತು ವಸಂತದ ಒರಿಗಾಮಿ ಅಂತ ಕಾಗದ ಮಡಚೋ ಕಲೆಯ ಒಂದು ವಿಡಿಯೋನೂ ನೋಡ್ಕೊಂಡಿದ್ದೆ. ಟುಲಿಪ್, ಚಿಟ್ಟೆ, ಮೊಲ. ಮೊಲ ನನಗೇ ಬರ್ಲಿಲ್ಲ, ಅದನ್ನ ಬಿಟ್ಟೆ.

ಜಗುಲಿ ಮೇಲೆ ಚಾಪೆ ಹಾಸಿ ಕೂರಿಸ್ದೆ. ತೋಟದ ಕೆಲಸದವರು ಇರೋ ಲೈನ್ ಮನೆಯಿಂದ ಇನ್ನಿಬ್ರು ಬಂದು ಮೆಟ್ಟಿಲ ಮೇಲೆ ಕೂತ್ರು, ಅಸ್ಸಾಮಿಂದ ಕೆಲಸಕ್ಕೆ ಬಂದ ಮನೆಯವರ ಮಕ್ಕಳು, ಅಕ್ಕ ತಮ್ಮ, ಇಲ್ಲೇ ಸ್ಕೂಲಿಗೆ ಹೋಗ್ತಾ ನಮಗಿಂತ ಚೆನ್ನಾಗಿ ಕನ್ನಡ ಮಾತಾಡ್ತಾರೆ. ಬನ್ನಿ ಮೇಲೆ ಅಂದ್ರೆ ಒಂದೊಂದೇ ಮೆಟ್ಟಿಲು ಹತ್ತಿ ಹತ್ತಿ ಹತ್ತು ನಿಮಿಷಕ್ಕೆ ಚಾಪೆಗೆ ಬಂದ್ರು.

ಗ್ಲೇಸ್ ಪೇಪರ್ ಹಾಳು ಮಾಡೋದು ಬೇಡ ಅಂತ ಮೊದಲು ನಮ್ಮನೆಯವ್ರ ಹಳೇ ಪ್ರಿಂಟ್ ಹಾಳೆಗಳಲ್ಲಿ ಪ್ರಾಕ್ಟೀಸು. ಎ4 ಹಾಳೆ ಮೂಲೆ ತಂದು ಪಕ್ಕದ ಅಂಚಿಗೆ ಸೇರಿಸಿ ಮಡಚಿದ್ರೆ ಚೌಕ ಸಿಗುತ್ತೆ, ಮಿಕ್ಕ ಪಟ್ಟಿ ಕತ್ತರಿಸಿ ಪಕ್ಕಕ್ಕಿಡೋದು. ಟುಲಿಪ್ ಸುಲಭ. ಚೌಕನ ಮೂಲೆಯಿಂದ ಮೂಲೆಗೆ ಮಡಚಿದ್ರೆ ತ್ರಿಕೋನ, ತುದಿ ಮೇಲಿರ್ಲಿ, ಕೆಳಗಿನ ಎಡಬಲ ಮೂಲೆಗಳನ್ನ ಸ್ವಲ್ಪ ಓರೆಯಾಗಿ ಮೇಲೆತ್ತಿ ಮಡಚಿದ್ರೆ ಮೂರು ತುದಿ ಕಾಣುತ್ತೆ, ಬುಡ ಒಂಚೂರು ಹಿಂದಕ್ಕೆ ಮಡಚಿದ್ರೆ ಆಯ್ತು. ಹೇಳೋಕೆ ಮೂರು ಸಾಲು. ನಾಲ್ಕು ವರ್ಷದವನ ಕೈಲಿ ಮಾಡ್ಸೋಕೆ ಅರ್ಧ ಗಂಟೆ. ಮೂಲೆಗೆ ಮೂಲೆ ಸೇರಿಸು ಅಂದ್ರೆ ಅವನಿಗೆ ಅರ್ಥಾನೇ ಆಗ್ತಿಲ್ಲ, ಕಾಗದ ಜಾರುತ್ತೆ, ಜಾರಿದ್ ತಕ್ಷಣ ಮುದ್ದೆ ಮಾಡಿ ಎಸೀತಾನೆ. ಕೊನೆಗೆ ಎದುರುಬದುರು ಎರಡು ಮೂಲೆಗೂ ಪೆನ್ನಲ್ಲಿ ಕಣ್ಣು ಬಾಯಿ ಬರ್ದು, ಇದು ಅಜ್ಜಿ, ಇದು ನೀನು, ಅಜ್ಜಿಗೆ ಒಂದು ಮುತ್ತು ಕೊಡು ಅಂದೆ. ಟಕ್ ಅಂತ ಸೇರಿಸ್ದ! ಆಮೇಲೆ ಮಡಿಕೆ ಕೂರೋಕೆ ಉಗುರಲ್ಲಿ ಗೀಟೋ ಶಕ್ತಿ ಇಲ್ಲ ಪಾಪ, ಚಮಚದ ಬೆನ್ನಲ್ಲಿ ಉಜ್ಜು ಅಂತ ಕೊಟ್ಟೆ. ಚಿಕ್ಕ ಮಕ್ಕಳ ಜೊತೆ ಕೂರೋರು ಚಮಚ ಇಟ್ಕೊಳ್ಳಿ, ಇದೊಂದು ನನ್ನ ಸ್ವಂತ ಸಂಶೋಧನೆ.

ಚಿಟ್ಟೆ ಬಗ್ಗೆ ಹೇಳೋಕೇನಿಲ್ಲ, ಬೀಸಣಿಗೆ ತರ ಹಿಂದೆ ಮುಂದೆ ಮಡಚಿ ನಡುವಿಗೆ ದಾರ ಕಟ್ಟಿ ಎರಡು ಕಡೆ ಬಿಡಿಸೋದು, ಐದು ನಿಮಿಷಕ್ಕೆ ಎಂಟು ಚಿಟ್ಟೆ.

ಕೆಂಪು, ಹಳದಿ ಟುಲಿಪ್ ಸಾಲಾಗಿ ಇಟ್ಟು ಫೋಟೋ ತೆಗೀತಿದ್ದೆ, ಆಗ ಅಸ್ಸಾಂ ಹುಡುಗಿ ಕೇಳಿದ್ಳು, "ಆಂಟಿ, ಈ ಹೂ ಎಲ್ಲಿರುತ್ತೆ?" ಶ್ರೀನಗರದಲ್ಲಿ ದೊಡ್ಡ ತೋಟಾನೇ ಇದೆ ಅಂದೆ. ನೀವು ನೋಡಿದೀರಾ ಅಂದ್ಳು. ಇಲ್ಲ. ಅವಳು ಎದ್ದು ಹೋಗಿ ಅಂಗಳದ ಅಂಚಿನ ಗಿಡದಿಂದ ಒಂದು ಕಾಫಿ ಹೂ ಕಿತ್ಕೊಂಡು ಬಂದು ಟುಲಿಪ್ ಪಕ್ಕ ಇಟ್ಟು, "ಇದ್ರಲ್ಲಿ ಮೂರೇ ಇದೆ, ನಮ್ಮ ಹೂವಲ್ಲಿ ಐದಿದೆ" ಅಂದ್ಳು. ನಮ್ಮ ಸಣ್ಣವನೂ ಬಿಡ್ತಾನಾ, ಗದ್ದೆ ಕಡೆ ಓಡಿಹೋಗಿ ಇನ್ನೊಂದು ತಂದು ಎಣಿಸಿ ಆರು ಅಂದ. ಐದು, ಆರು, ಐದು, ಆರು, ಜಗಳ ಶುರು. ಒಳಗಿಂದ ಇವ್ರು ಬಂದು ನೋಡಿ, "ಇಬ್ರೂ ಸರಿ ಕಣ್ರೋ, ಇದು ಅರೇಬಿಕಾ, ಐದು, ಅದು ರೋಬಸ್ಟಾ, ಐದೂ ಇರುತ್ತೆ, ಆರೂ ಇರುತ್ತೆ, ಏಳೂ ಇರುತ್ತೆ, ಇನ್ಮೇಲೆ ಕೀಳ್ಬೇಡಿ" ಅಂತ ಹೇಳಿ ಹೋದ್ರು. ಹೂವಿನ ದಿನಗಳಲ್ಲಿ ಇವ್ರಿಗೆ ಗಿಡ ಮುಟ್ಟಿದ್ರೂ ಆಗಲ್ಲ.

ಹುಡುಗಿ ನನ್ನ ಮುಖಾನೇ ನೋಡ್ತಿದ್ಳು. ಚೌಕದಿಂದ ಐದು ಎಸಳು ಹೆಂಗ್ ತರೋದು, ನನಗೆ ಗೊತ್ತಿರೋದೆಲ್ಲ ಎರಡು, ನಾಲ್ಕು, ಎಂಟು ಅಂತ ಮಡಚೋದೇ. ಆಗ ಪಕ್ಕದಲ್ಲಿ ಬಿದ್ದಿದ್ದ ಪಟ್ಟಿ ನೋಡಿ ಹೈಸ್ಕೂಲಿನ ಗಣಿತ ಮೇಷ್ಟ್ರು ನೆನಪಾದ್ರು. ಅಂಗಡಿ ಬಿಲ್ಲಿನ ಉದ್ದ ಚೀಟಿಗೆ ಗಂಟು ಹಾಕಿ ತೋರಿಸಿದ್ರು ಒಂದ್ಸಲ. 1893ರಲ್ಲೇ ಮದ್ರಾಸಲ್ಲಿ ಟಿ. ಸುಂದರ ರಾವ್ ಅನ್ನೋರು ಬರೀ ಕಾಗದ ಮಡಚಿ ರೇಖಾಗಣಿತ ಕಲಿಸೋ ಪುಸ್ತಕ ಬರ್ದಿದ್ರು ಕಣ್ರೋ, ನಿಮಗೆ ಕಂಪಾಸ್ ಬಾಕ್ಸ್ ಇದ್ರೂ ಬರಲ್ಲ ಅಂತ ಬೈಯೋರು.

ಎ4ಲ್ಲಿ ಚೌಕ ತೆಗೆದ್ರೆ 8.7 ಸೆಂಟಿಮೀಟರ್ ಅಗಲದ ಪಟ್ಟಿ ಉಳಿಯುತ್ತೆ, 21 ಸೆಂಟಿಮೀಟರ್ ಉದ್ದ. ಅದನ್ನ ಮುಕ್ಕಾಲು ಸೆಂಟಿಮೀಟರಿನ ಎಳೆಗಳಾಗಿ ಉದ್ದಕ್ಕೆ ಕತ್ತರಿಸಿದ್ರೆ ಹನ್ನೊಂದು ಬರುತ್ತೆ. ಒಂದು ಎಳೆ ತಗೊಂಡು ತುದಿ ಹತ್ರ ಸಾದಾ ಗಂಟು, ದಾರಕ್ಕೆ ಹಾಕೋ ಹಾಗೇನೇ, ಆದ್ರೆ ಜಗ್ಗಬಾರ್ದು, ಎರಡು ಕೈಲೂ ಮೆತ್ತಗೆ ಎಳೀತಾ ಎಳೀತಾ ಚಪ್ಪಟೆಯಾಗಿ ಒತ್ತಬೇಕು. ಒತ್ತಿದ್ರೆ ಅಲ್ಲೇ ಕೂತಿರುತ್ತೆ, ಐದು ಮೂಲೆ, ಸ್ಕೇಲ್ ಹಿಡಿದು ಗೆರೆ ಎಳೆದಷ್ಟು ಸರಿಯಾಗಿ. ಚಿಕ್ಕ ತುದಿನ ಒಳಗೆ ಸಿಕ್ಕಿಸಿ, ಉದ್ದ ತುದಿನ ಅದು ಹೋದ ಕಡೆ ಸುತ್ತಾ ಹೋಗೋದು, ದಾರಿ ನಾವು ಹೇಳ್ಕೊಡೋದೇ ಬೇಡ, ಅದೇ ಒಂದೊಂದು ಬದಿಗೂ ಹೊಂದ್ಕೊಂಡು ತಿರುಗುತ್ತೆ. ಕೊನೆ ತುದಿನೂ ಒಳಗೆ ತೂರಿಸಿ, ಎರಡು ಬೆರಳಲ್ಲಿ ಹಿಡಿದು ಐದು ಬದಿಗಳ ನಡುವೆ ಉಗುರಲ್ಲಿ ಮೆಲ್ಲಗೆ ಒಳಕ್ಕೆ ಒತ್ತಿದ್ರೆ ಹೊಟ್ಟೆ ಉಬ್ಬಿ ನಕ್ಷತ್ರ ಆಗುತ್ತೆ. ಕಡ್ಲೆಕಾಳಿಗಿಂತ ಸ್ವಲ್ಪ ದೊಡ್ಡದು, ಬೆಳ್ಳಗೆ, ಐದು ಮೂಲೆ. ಯಾರೂ ಮಾತಾಡ್ಲಿಲ್ಲ ಒಂದು ನಿಮಿಷ. ಆಮೇಲೆ "ನಂಗೆ ನಂಗೆ" ಅಂತ ನಾಲ್ಕು ಜನಾನೂ ಬಿದ್ರು ಪಟ್ಟಿ ಮೇಲೆ.

ಸಣ್ಣವನಿಗೆ ಗಂಟು ಬರ್ಲಿಲ್ಲ, ಅವನಿಗೆ ಉಬ್ಬಿಸೋ ಕೆಲ್ಸ ಕೊಟ್ವಿ, ಅರ್ಧ ಅಪ್ಪಚ್ಚಿ ಮಾಡ್ದ. ಅಸ್ಸಾಂ ಹುಡುಗಿ ಒಬ್ಳೇ ನಲವತ್ತು ಮಾಡಿದ್ಳು. ಅತ್ತೆ ಮೆಣಸಿನ ಚೀಲ ಬಿಟ್ಟು ಬಂದು ಕೂತು ಮೂರು ಮಾಡಿದ್ರು, ಮೂರೂ ಅಚ್ಚುಕಟ್ಟು. ದಾರದಲ್ಲಿ ಪೋಣಿಸಿ, ನಿಜವಾದ ಹೂ ಹೆಂಗೆ ರೆಕ್ಕೆಯ, ಅಂದ್ರೆ ಕೊಂಬೆಯ, ಗಂಟುಗಂಟಿಗೆ ಗೊಂಚಲಾಗಿ ಕೂರುತ್ತೋ ಹಂಗೇ ಅಂಗಳದ ಒಂದು ಗಿಡದ ಖಾಲಿ ರೆಕ್ಕೆಗೆ ಕಟ್ಟಿದ್ರು. ಟುಲಿಪ್‌ಗಳನ್ನ ಬೇಲಿಗೆ ಸಿಕ್ಕಿಸಿದ್ರು.

ಮೂರೂವರೆಗೆ ಮೋಡ. ಹೂ ಅರಳಿದ ದಿನ ಮಳೆ ಬರಬಾರ್ದು, ಹೂವಿನ ಪರಾಗದ ಹುಡಿ ತೊಳ್ದು ಹೋಗುತ್ತೆ, ಜೇನು ಬರಲ್ಲ, ಅದ್ರಲ್ಲೂ ರೋಬಸ್ಟಾಗೆ ಬೇರೆ ಗಿಡದ ಹುಡಿ ಬೀಳಲೇಬೇಕು. ಇವ್ರು ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ಆಕಾಶ ನೋಡ್ತಾ ನಿಂತ್ರು, ಮಕ್ಕಳು ಪಕ್ಕದಲ್ಲೇ ಬಾ ಬಾ ಮಳೆಯೇ ಅಂತ ಕುಣೀತಿದಾರೆ, ಬೈಯೋಕೂ ಆಗಲ್ಲ ಬಿಡೋಕೂ ಆಗಲ್ಲ. ಗಾಳಿಗೆ ಥಂಡಿ ಬಂದಿದ್ದೇ ಚಾಪೆ ಮೇಲಿದ್ದ ಕಾಗದ ಎಲ್ಲ ಜೋಲು, ಗಂಟು ಕೂರ್ತಿಲ್ಲ, ಒತ್ತಿದ್ರೆ ಉಬ್ಬಲ್ಲ. ಜಪಾನಿನ ಅಕಿರಾ ಯೋಶಿಜಾವಾ ಅಂತ ಒರಿಗಾಮಿಯ ದೊಡ್ಡ ಗುರು, 1911ರಲ್ಲಿ ಹುಟ್ಟಿದವರು, ಅವರು ಬೇಕಂತಲೇ ಕಾಗದ ತೇವ ಮಾಡಿ ಮಡಚ್ತಿದ್ರಂತೆ, ದಪ್ಪ ಕಾಗದ, ಒಣಗಿದ್ಮೇಲೆ ಮರದ ಗೊಂಬೆ ತರ ಗಟ್ಟಿ ನಿಲ್ಲೋದಂತೆ. ಇದನ್ನ ಹೇಳಿದ್ರೆ ಅತ್ತೆ, "ಹೌದಲ್ಲ, ಬಾಳೆ ಎಲೆನ ಕೆಂಡದ ಮೇಲೆ ಬಾಡ್ಸದೆ ಮಡಚಿದ್ರೆ ಸೀಳಲ್ವಾ, ಅಷ್ಟೇ" ಅಂದ್ರು. ನಮ್ಮ ಪ್ರಿಂಟ್ ಹಾಳೆಗೆ ಮಾತ್ರ ಆ ಯೋಗ ಇರ್ಲಿಲ್ಲ.

ಬಂತು ಮಳೆ. ದೇವ್ರು ದೊಡ್ಡವನು, ಹತ್ತೇ ನಿಮಿಷ, ಅಳತೆ ನೋಡಿದ್ರೆ 6 ಸೆಂಟ್ಸ್. ಇವ್ರು ಉಸಿರು ಬಿಟ್ರು. ಟುಲಿಪ್‌ಗಳ ಬಣ್ಣ ಮಾತ್ರ ಬೇಲಿಗೂ, ಅದನ್ನ ಎತ್ಕೊಂಡು ಬರೋಕೆ ಓಡಿದ ಸಣ್ಣವನ ಬಿಳಿ ಅಂಗಿಗೂ ಇಳೀತು, ಅಕ್ಕನಿಗೆ ಇನ್ನೂ ಹೇಳಿಲ್ಲ.

ನಾಲ್ಕನೇ ದಿನಕ್ಕೆ ತೋಟದ ಹೂವೆಲ್ಲ ಕಂದಿ ಕಾಫಿ ಬಣ್ಣಕ್ಕೆ ತಿರುಗ್ತು, ಅಂಗಳದ ಆ ಒಂದು ರೆಕ್ಕೆ ಮಾತ್ರ ಬೆಳ್ಳಗೆ. ಅಸ್ಸಾಂ ಹುಡುಗಿ ಸ್ಕೂಲಿಂದ ಬರ್ತಾ ನಿಂತು ನೋಡಿ, "ಆಂಟಿ, ಹೂ ಆಯ್ತು, ಇದಕ್ಕೆ ಹಣ್ಣು ಯಾವಾಗ ಮಾಡೋದು?" ಅಂದ್ಳು. ಕೆಂಪು ಗ್ಲೇಸ್ ಪೇಪರ್ ಆರು ಹಾಳೆ ಮಿಕ್ಕಿದೆ, ಬೀರು ಮೇಲೆ ಎತ್ತಿಟ್ಟಿದೀನಿ. ಊದಿ ಉಬ್ಬಿಸೋ ಬಲೂನ್ ಮಡಿಕೆ ಅದಕ್ಕೆ ಸರಿ ಹೋಗುತ್ತೆ, ಡಿಸೆಂಬರ್ ಹಣ್ಣಿಗೆ ಮುಂಚೆ ನಾನು ಅದನ್ನ ಕಲೀಬೇಕು, ಇವತ್ತೂ ಎರಡು ಊದಿದೆ, ಎರಡೂ ಹರ್ದೋಯ್ತು.