ಹದಿನಾಲ್ಕರ ಹುಡುಗರ ಜೊತೆ ಲಾಗ

ಅರ್ಜಿಯ ಕೊನೆಯಲ್ಲಿ ‘ಪೋಷಕರ ಸಹಿ’ ಅಂತ ಒಂದು ಗೆರೆ ಇತ್ತು. ಅದು ಖಾಲಿ ಇದ್ದರೆ ಅರ್ಜಿ ತಗೊಳ್ಳುವ ಹಾಗಿಲ್ಲ ಅಂದಳು ಮೇಜಿನ ಹಿಂದೆ ಕೂತ ಹುಡುಗಿ. ನನಗೆ 43 ವರ್ಷ. ಮನೆಗೆ ತಂದು ಅಮ್ಮನ ಮುಂದೆ ಇಟ್ಟೆ. ಅವರು ಕನ್ನಡಕ ಹುಡುಕಿ, ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ‘ಗಾಯಗಳಿಗೆ ಸಂಘಟಕರು ಹೊಣೆಯಲ್ಲ’ ಅನ್ನುವ ಸಾಲಿನ ಮೇಲೆ ಬೆರಳಿಟ್ಟು, “ನಾನೂ ಅಲ್ಲ” ಅಂತ ಹೇಳಿ ಸಹಿ ಹಾಕಿದರು.

ಕೂಟ ದೊಡ್ಡದೇನಲ್ಲ. ಮಂಗಳೂರಿನ ಉರ್ವ ಕಡೆಯ ಒಂದು ಹಾಲ್‌ನಲ್ಲಿ ನಾಲ್ಕೈದು ಕ್ಲಾಸಿನ ಮಕ್ಕಳು ಸೇರುವ ಒಂದು ದಿನದ ಜಿಮ್ನಾಸ್ಟಿಕ್ಸ್ ಸ್ಪರ್ಧೆ. ವಯಸ್ಸಿನ ಪ್ರಕಾರ ಗುಂಪು. ಕೊನೆಯದು ‘14 ಮತ್ತು ಮೇಲ್ಪಟ್ಟು’. ಎಷ್ಟು ಮೇಲ್ಪಟ್ಟು ಅಂತ ಯಾರೂ ಬರೆದಿರಲಿಲ್ಲ. ಬರೆದಿಲ್ಲ ಅಂದ ಮೇಲೆ ನೀವೂ ಬರಬಹುದು ಅಲ್ವಾ ಅಂದವರು ನಮ್ಮ ಕೋಚ್. ಓಟದವರಿಗಾದರೆ ಮಾಸ್ಟರ್ಸ್ ಅಂತ ಇದೆ. 35 ದಾಟಿದವರನ್ನು ಐದೈದು ವರ್ಷಕ್ಕೊಂದು ಗುಂಪು ಮಾಡಿ ಓಡಿಸುತ್ತಾರೆ, ಎಂಬತ್ತು ದಾಟಿದವರಿಗೂ ಜೊತೆ ಸಿಗುತ್ತದೆ. ನಮ್ಮ ಕೂಟದಲ್ಲಿ ಅಂಥ ವ್ಯವಸ್ಥೆ ಇಲ್ಲ. ಹಾಗಾಗಿ ಹೈಸ್ಕೂಲ್ ಹುಡುಗರ ಪಟ್ಟಿಯ ಕೆಳಗೆ ನನ್ನ ಹೆಸರು ಬಂತು.

ಲಾಗ ಹಾಕುವುದು ನನಗೆ ಹೊಸದಲ್ಲ. ಕಾಲೇಜಿಗೆ ಹೋಗುವಾಗ ಮಾರ್ನೆಮಿಗೆ, ಅಂದರೆ ನವರಾತ್ರಿಗೆ, ಹುಲಿವೇಷ ಹಾಕುತ್ತಿದ್ದೆ. ಮೈಗೆಲ್ಲ ಬಣ್ಣ, ಎದುರಿಗೆ ತಾಸೆ, ಡೋಲು. ಆ ಪೆಟ್ಟು ಬಿದ್ದರೆ ಕಾಲು ತಾನಾಗಿ ಏಳುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಡಾಂಬರು ರಸ್ತೆಯಲ್ಲಿ ಹಿಂದಕ್ಕೆ ಲಾಗ ಹೊಡೆದು ನಿಲ್ಲುವ ಹೊತ್ತಿಗೆ ಅಂಗಡಿಯವರು ನೋಟು ಹಿಡಿದುಕೊಂಡು ಹೊರಗೆ ಬಂದಿರುತ್ತಿದ್ದರು. ಮ್ಯಾಟ್ ಇಲ್ಲ, ಹಿಡಿಯುವವರಿಲ್ಲ. ಆಮೇಲೆ ಬ್ಯಾಂಕ್ ಕೆಲಸ, ವರ್ಗಾವಣೆ, ಮನೆ ಸಾಲ. ಸಕ್ಕರೆ ಗಡಿಯಲ್ಲಿದೆ, ವಾಕಿಂಗ್ ಮಾಡಿ ಅಂದರು ಡಾಕ್ಟರ್. ಕದ್ರಿ ಪಾರ್ಕ್‌ನಲ್ಲಿ ಸುಮ್ನೆ ಸುತ್ತು ಹೊಡೆಯುವುದು ನನಗೆ ಆಗಲಿಲ್ಲ. ಅಕ್ಕನ ಮಗಳನ್ನು ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಬಿಡಲು ಹೋಗುತ್ತಿದ್ದವನು ಅಲ್ಲೇ ಸೇರಿಕೊಂಡೆ. ಅವಳು ಆಮೇಲೆ ಭರತನಾಟ್ಯಕ್ಕೆ ಹೋದಳು. ನಾನು ಉಳಿದೆ.

ಹುಲಿಯ ಲಾಗಕ್ಕೂ ಫ್ಲೋರ್‌ನ, ಅಂದರೆ ಜಿಮ್ನಾಸ್ಟಿಕ್ಸ್ ಮ್ಯಾಟ್ ಮೇಲಿನ, ಲಾಗಕ್ಕೂ ಜಗಳ ಇರುವುದು ಮೊಣಕಾಲಿನಲ್ಲಿ. ಹುಲಿ ಬಗ್ಗಿಯೇ ಇರಬೇಕು. ಮಂಡಿ ಮಡಚಿ, ಕಾಲು ಅಗಲಿಸಿ, ನೆಲಕ್ಕೆ ಹತ್ತಿರ. ನೆಟ್ಟಗೆ ನಿಂತ ಹುಲಿಯನ್ನು ನೋಡಿ ಜನ ನಗುತ್ತಾರೆ. ಜಿಮ್ನಾಸ್ಟಿಕ್ಸ್‌ನಲ್ಲಿ ಕಾಲು ಜೋಡಿಸಿರಬೇಕು, ಮಂಡಿ ನೇರ ಇರಬೇಕು, ಪಾದದ ತುದಿ ಚೂಪಾಗಿರಬೇಕು. ಫ್ಲಿಕ್, ಅಂದರೆ ಹಿಂದಕ್ಕೆ ಹಾರಿ ಕೈಯೂರಿ ಮಗುಚುವ ಲಾಗ, ಹೊಡೆಯುವಾಗ ನನ್ನ ಕಾಲು ಗಾಳಿಯಲ್ಲೇ ಅಗಲ ಆಗುತ್ತದೆ. ಕೋಚ್ ದೂರದಿಂದಲೇ “ಹುಲಿ! ಹುಲಿ!” ಅಂತ ಕೂಗುತ್ತಾರೆ. ಇನ್ನೊಂದು ಕಷ್ಟ ಅಳತೆಯದ್ದು. ಚಿಕ್ಕ ಮೈ ಮುದುಡಿಕೊಂಡರೆ ಬೇಗ ತಿರುಗುತ್ತದೆ. ಉದ್ದ ಜಾಸ್ತಿ ಆದಷ್ಟೂ ಅದೇ ಸುತ್ತಿಗೆ ಜಾಸ್ತಿ ಬಲ ಬೇಕು, ಜಾಸ್ತಿ ಹೊತ್ತು ಬೇಕು. ನಮ್ಮ ಹುಡುಗರು ಗಾಳಿಯಲ್ಲಿ ಟಪ್ ಅಂತ ತಿರುಗಿ ನಿಲ್ಲುತ್ತಾರೆ. ನಾನು ಕೂಳೂರು ಸೇತುವೆ ಹತ್ತಿರ ಯೂಟರ್ನ್ ಹೊಡೆಯುವ ಗ್ಯಾಸ್ ಟ್ಯಾಂಕರ್.

ಮೈ ಬಿಸಿ ಮಾಡಿಕೊಳ್ಳುವುದಕ್ಕೂ ಹುಡುಗರಿಗೆ ಹೆಚ್ಚು ಹೊತ್ತು ಬೇಡ. ನಾಲ್ಕು ಸಲ ಹಾರಿ ರೆಡಿ ಅನ್ನುತ್ತಾರೆ. ನನಗೆ ಮಣಿಕಟ್ಟಿಗೇ ಒಂದಷ್ಟು ಹೊತ್ತು ಹೋಗುತ್ತದೆ, ಆಮೇಲೆ ಹಿಮ್ಮಡಿಯ ನರ. ದೊಡ್ಡ ವಯಸ್ಸಿನಲ್ಲಿ ಶುರು ಮಾಡಿದವರಿಗೆ ಇದೊಂದು ಕಿರಿಕಿರಿ. ಸ್ನಾಯು ಬೇಗ ಬಲ ಆಗುತ್ತದೆ, ಅದನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜು ನಿಧಾನ. ಹಾರಬಲ್ಲೆ ಅಂತ ಕಾಲು ಹೇಳುತ್ತದೆ, ಹಿಮ್ಮಡಿ ಬೇಡ ಅನ್ನುತ್ತದೆ. ಯಾರ ಮಾತು ಕೇಳಬೇಕು ಅಂತ ಗೊತ್ತಾಗಲು ನನಗೆ ಬಹಳ ಕಾಲ ಬೇಕಾಯಿತು.

ಆ ದಿನ ಸೆಕೆ ಅಂದ್ರೆ ಸೆಕೆ. ಮಂಗಳೂರಲ್ಲಿ ಮೇ ತಿಂಗಳಲ್ಲಿ ಮುಚ್ಚಿದ ಹಾಲ್ ಒಳಗೆ ಕೂಟ ಇಟ್ಟವರಿಗೆ ಏನನ್ನಬೇಕೋ. ಕೈಗೆ ಹಚ್ಚಿದ ಚಾಕ್ ಪುಡಿ ಒಂದೇ ನಿಮಿಷಕ್ಕೆ ಬೆವರಲ್ಲಿ ಕಲಸಿ ಹಿಟ್ಟಾಗುತ್ತಿತ್ತು. ಹುಡುಗರು ಅದನ್ನು ಕೆರೆದು ತೆಗೆದು ಮತ್ತೆ ಹಚ್ಚುತ್ತಿದ್ದರು. ನಾನು ಸಿಂಗ್ಲೆಟ್‌ನೊಳಗೆ ಹೊಟ್ಟೆ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದವನು ಬಜ್ಪೆ ಕಡೆಯ ಹುಡುಗ. ಹಿಂದೆ ತಿರುಗಿ, “ಪೋಡಿಗೆ ಆಪುಂಡ ಮಾಮ?” ಅಂತ ಕೇಳಿದ. ಹೆದರಿಕೆ ಆಗುತ್ತದಾ ಅಂತ. “ಆಪುಂಡು” ಅಂದೆ. “ಎಂಕ್‌ಲಾ” ಅಂದ, ತನಗೂ ಅಂತ. ಅಷ್ಟೇ. ಆ ಇಡೀ ದಿನದಲ್ಲಿ ನನ್ನ ವಯಸ್ಸನ್ನು ಲೆಕ್ಕಕ್ಕೇ ತಗೊಳ್ಳದೆ ನಡೆದ ಮಾತು ಅದೊಂದೇ ಇರಬೇಕು.

ಗಂಡಸರ ಫ್ಲೋರ್‌ಗೆ ಸಂಗೀತ ಇಲ್ಲ ಅನ್ನುವುದು ಹೊರಗಿನವರಿಗೆ ಹೆಚ್ಚಾಗಿ ಗೊತ್ತಿರುವುದಿಲ್ಲ. ಹೆಂಗಸರಿಗೆ ಸಂಗೀತ ಉಂಟು, ನಮಗೆ ಬರೀ ಮ್ಯಾಟ್. ದೊಡ್ಡ ಕೂಟಗಳಲ್ಲಿ ಅಡಿಗೆ ಸ್ಪ್ರಿಂಗ್ ಇರುವ 12 ಮೀಟರ್ ಉದ್ದ, 12 ಮೀಟರ್ ಅಗಲದ ಚೌಕ ಇರುತ್ತದೆ. ನಮ್ಮಲ್ಲಿ ಮ್ಯಾಟ್ ಜೋಡಿಸಿ, ಟೇಪ್ ಅಂಟಿಸಿ, ಅದಕ್ಕಿಂತ ಸಣ್ಣ ಜಾಗ ಮಾಡಿದ್ದರು. ಮೂಲೆಯಲ್ಲಿ ನಿಂತು ಕೈ ಎತ್ತಿದೆ. ತಾಸೆ ಇಲ್ಲದೆ ಜನರ ಮುಂದೆ ಲಾಗ ಹಾಕಿದ್ದು ನನಗೆ ಅದೇ ಮೊದಲು. ನನ್ನ ಉಸಿರು ನನಗೇ ಕೇಳುತ್ತಿತ್ತು, ಎಲ್ಲೋ ಒಂದು ಫ್ಯಾನ್ ಕಿರ್ ಕಿರ್ ಅನ್ನುತ್ತಿತ್ತು. ರೌಂಡ್ ಆಫ್, ಫ್ಲಿಕ್. ನಿಂತೆ, ಆದರೆ ಹಿಂದಕ್ಕೆ ಒಂದು ದೊಡ್ಡ ಹೆಜ್ಜೆ. ಹ್ಯಾಂಡ್‌ಸ್ಟ್ಯಾಂಡ್ ಚೆನ್ನಾಗಿ ಬಂತು. ತಲೆಕೆಳಗಾಗಿ ನಿಂತಾಗ ಟೇಪಿನ ಒಂದು ತುದಿ ಎದ್ದಿರುವುದು ಕಂಡಿತು, ಅದರ ಮೇಲೆ ಒಂದು ಇರುವೆ ಹೋಗುತ್ತಿತ್ತು. ಕೊನೆಯ ಓಟದಲ್ಲಿ ಬ್ಯಾಕ್ ಟಕ್, ಕೈಯೂರದೆ ಮುದುಡಿಕೊಂಡು ಹಿಂದಕ್ಕೆ ಹಾಕುವ ಲಾಗ. ಇಳಿದೆ. ಒಂದು ಕಾಲು ಗೆರೆಯಿಂದ ಹೊರಗೆ.

ಆಮೇಲೆ ಚಪ್ಪಾಳೆ ಬಿತ್ತು. ಅದು ಸಿಟ್ಟು ತರಿಸಿತು ಅಂದ್ರೆ ನೀವು ನಂಬಲಿಕ್ಕಿಲ್ಲ. ನನ್ನ ಮೊದಲು ಹೋದ ಹುಡುಗ ಎಷ್ಟು ಸ್ವಚ್ಛವಾಗಿ ಮಾಡಿದ್ದ ಮಾರಾಯ್ರೆ, ಅವನಿಗೆ ಅವನ ಮನೆಯವರು ಮಾತ್ರ ತಟ್ಟಿದ್ದರು. ನನಗೆ ಇಡೀ ಹಾಲ್! ಒಬ್ಬರು ಎದ್ದು ನಿಂತರು. “ಈ ವಯಸ್ಸಲ್ಲಿ ನೋಡಿ!” ಅಂತ ಪಕ್ಕದವರಿಗೆ ಹೇಳುವುದು ನನಗೂ ಕೇಳಿತು. ಇಷ್ಟು ಚಪ್ಪಾಳೆ ಸಿಗಬೇಕಾದರೆ ನಾನು ಚೆನ್ನಾಗಿ ಮಾಡಬೇಕಾಗಿಯೇ ಇಲ್ಲ, ಬೀಳದಿದ್ದರೆ ಸಾಕು. ಬಿದ್ದಿದ್ದರೆ ಇನ್ನೂ ಜಾಸ್ತಿ ಸಿಗುತ್ತಿತ್ತೋ ಏನೋ.

ತೀರ್ಪುಗಾರರು ಮಾತ್ರ ತಲೆ ಎತ್ತಲಿಲ್ಲ, ಬರೆಯುತ್ತಾ ಕೂತಿದ್ದರು. ಸಣ್ಣ ಕೂಟ ಆದ್ದರಿಂದ ಕೊನೆಗೆ ಚೀಟಿ ತೋರಿಸಿದರು. ಮಂಡಿ 0.3, ಮತ್ತೆ ಮಂಡಿ 0.3, ಕಾಲು ಅಗಲ 0.1, ದೊಡ್ಡ ಹೆಜ್ಜೆ 0.3, ಗೆರೆ 0.1. ಕೆಳಗೆ ಇನ್ನೂ ಉದ್ದ ಪಟ್ಟಿ ಇತ್ತು. ಈ ಆಟದಲ್ಲಿ ಅಂಕ ಕೊಡುವುದಕ್ಕಿಂತ ಕಳೆಯುವುದೇ ಜಾಸ್ತಿ. ಮಾಡುವ ರೀತಿಗೆ 10 ಅಂಕ ಇಟ್ಟುಕೊಂಡು ತಪ್ಪು ಕಂಡಲ್ಲೆಲ್ಲ 0.1, 0.3, 0.5 ಕಳೆಯುತ್ತಾ ಬರುತ್ತಾರೆ, ಬಿದ್ದರೆ ಪೂರ್ತಿ 1. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ, ಅಂದರೆ ಓಡಿ ಬಂದು ಟೇಬಲ್ ಮೇಲೆ ಕೈಯೂರಿ ಹಾರುವ ಸ್ಪರ್ಧೆಯಲ್ಲಿ, ನಾಲ್ಕನೆಯವರಾದದ್ದು ಕಂಚಿಗಿಂತ ಬರೀ 0.15 ಅಂಕ ಹಿಂದೆ. ಅದಕ್ಕೇ ನಮ್ಮ ಕೋಚ್ ಹುಡುಗರ ಒಂದೊಂದು ಹೆಜ್ಜೆಗೂ ಬೊಬ್ಬೆ ಹಾಕುವುದು. ಆ ಚೀಟಿ ನೋಡಿ ನನಗೆ ಖುಷಿ ಆಯಿತು. ಹುಡುಗರಿಗೆ ಕಳೆದ ಲೆಕ್ಕದಲ್ಲೇ ನನಗೂ ಕಳೆದಿದ್ದರು. ನನ್ನ ಮಂಡಿಗೆ ಯಾರೂ ವಯಸ್ಸಿನ ರಿಯಾಯಿತಿ ಕೊಟ್ಟಿರಲಿಲ್ಲ.

ಮಧ್ಯಾಹ್ನದ ಮೇಲೆ ವಾಲ್ಟ್. ಕೋಚ್ ಯಾರಿಗೆ ನನ್ನ ಪರಿಚಯ ಮಾಡಿದರೂ ಒಕ್ಸಾನಾ ಚುಸೊವಿಟಿನಾ ಹೆಸರು ತರುತ್ತಾರೆ. ಉಜ್ಬೇಕಿಸ್ತಾನದವರು, 1975ರಲ್ಲಿ ಹುಟ್ಟಿದವರು. 1992ರ ಬಾರ್ಸಿಲೋನಾದಲ್ಲಿ ತಂಡದ ಚಿನ್ನ. ಮಗನಿಗೆ ರಕ್ತದ ಕ್ಯಾನ್ಸರ್ ಆದಾಗ ಚಿಕಿತ್ಸೆಗಾಗಿ ಜರ್ಮನಿಗೆ ಹೋದರು, 2008ರಲ್ಲಿ ಅದೇ ದೇಶದ ಪರ 33ನೇ ವಯಸ್ಸಿನಲ್ಲಿ ವಾಲ್ಟ್ ಬೆಳ್ಳಿ ಗೆದ್ದರು. ಟೋಕಿಯೊದಲ್ಲಿ ಇಳಿದಾಗ 46, ಅದು ಎಂಟನೇ ಒಲಿಂಪಿಕ್ಸ್. ದೀಪಾ ನಾಲ್ಕನೆಯವರಾದ ಆ ರಿಯೊ ಫೈನಲ್‌ನಲ್ಲೂ ಅವರಿದ್ದರು. 19ರ ಸಿಮೋನ್ ಬೈಲ್ಸ್, 23ರ ದೀಪಾ, 41ರ ಒಕ್ಸಾನಾ, ಒಂದೇ ಟೇಬಲ್, ಒಂದೇ ಓಟದ ಪಟ್ಟಿ. ದೀಪಾ ಮಾಡಿದ, ಗಾಳಿಯಲ್ಲಿ ಮುಂದಕ್ಕೆ ಎರಡು ಸುತ್ತು ತಿರುಗುವ ಅಪಾಯದ ಪ್ರೊಡುನೋವಾವನ್ನೇ ಒಕ್ಸಾನಾ ಕೂಡ ಹಾಕಿದರು. ಕೇಳಲು ಚೆನ್ನಾಗಿದೆ. ಆದರೆ ನನಗೆ ಈ ಹೋಲಿಕೆ ಇಷ್ಟ ಇಲ್ಲ. ಅವರು ಚಿಕ್ಕಂದಿನಿಂದ ಮಾಡಿಕೊಂಡು ಬಂದವರು. ಸಾಲದ ಫೈಲ್ ಮುಚ್ಚಿಟ್ಟು ಸಂಜೆ ಆರಕ್ಕೆ ಬಂದು ಮೈ ಬಗ್ಗಿಸುವವನ ಕಥೆ ಬೇರೆ.

ಒಂದು ಮಾತು ಮಾತ್ರ ನಿಜ. ವಯಸ್ಸಾದವರಿಗೆ ವಾಲ್ಟ್ ಒಗ್ಗುತ್ತದೆ. ಒಂದು ಓಟ, ಒಂದು ಹಾರು, ಕೆಲವೇ ಸೆಕೆಂಡು. ಮೈ ಬಳುಕುವುದು ಹೋದರೂ ಕಾಲಿನ ಬಲ ಸ್ವಲ್ಪ ಕಾಲ ಉಳಿದಿರುತ್ತದೆ. ಗಂಡಸರಿಗೆ ಟೇಬಲ್ 135 ಸೆಂಟಿಮೀಟರ್ ಎತ್ತರ ಇರಬೇಕು, ಇಲ್ಲಿ ಹುಡುಗರಿಗಾಗಿ ಇಳಿಸಿದ್ದರು. ತಗ್ಗಾದರೆ ನಿಮಗೆ ಸುಲಭ ಅಲ್ವಾ ಅಂತ ಯಾರೋ ಕೇಳಿದರು. ಇಲ್ಲ. ಕೈಯಿಂದ ತಳ್ಳಿದ ಮೇಲೆ ಉದ್ದ ಮೈ ತಿರುಗಲು ಗಾಳಿಯಲ್ಲಿ ಜಾಗ ಸಾಲುವುದಿಲ್ಲ. ಆದರೂ ಹ್ಯಾಂಡ್‌ಸ್ಪ್ರಿಂಗ್ ಕೂತಿತು. ಎರಡೂ ಕಾಲು ಅಂಟಿದ ಹಾಗೆ ನಿಂತಿತು. ಆ ಸಲದ ಚಪ್ಪಾಳೆಗೆ ನನಗೆ ಸಿಟ್ಟು ಬರಲಿಲ್ಲ.

ಗೋಜಲಾದದ್ದು ಅಲ್ಲಿಂದ ಮುಂದೆ. ಬಜ್ಪೆಯ ಹುಡುಗ ಎರಡು ವಾಲ್ಟ್‌ನಲ್ಲೂ ಬಿದ್ದ. ಫಲಿತಾಂಶ ಗೋಡೆಗೆ ಅಂಟಿಸಿದಾಗ ವಾಲ್ಟ್‌ನಲ್ಲಿ ನಾನು ಐದನೆಯವ, ಅವನು ಆರನೆಯವ. ಇದ್ದದ್ದೇ ಆರು ಜನ. ಅವನ ಅಪ್ಪ ಪಟ್ಟಿ ನೋಡಿ ಎಲ್ಲರ ಮುಂದೆ, “ಮಾಮನಿಗಿಂತ ಹಿಂದೆ ಬಂದಿದ್ದೀಯಲ್ಲ!” ಅಂತ ಗದರಿದರು. ನನ್ನ ಕಡೆ ನೋಡಿ ನಕ್ಕರು, ತಪ್ಪು ತಿಳ್ಕೊಬೇಡಿ ಅನ್ನುವ ನಗು. ಹುಡುಗ ಬ್ಯಾಗಿನ ಜಿಪ್ ಎಳೆಯುತ್ತಾ ಕೂತ. ಅದು ಹಾಕಿಯೇ ಇತ್ತು. ಮತ್ತೆ ತೆಗೆದು ಮತ್ತೆ ಎಳೆದ.

ನನಗೆ ಅಲ್ಲಿ ನಿಲ್ಲಲು ಕಷ್ಟ ಆಯಿತು. ನಾನು ಸಂತೋಷಕ್ಕೆ ಬಂದವನು. ಸೋತರೂ ಗೆದ್ದರೂ ಸೋಮವಾರ ಬ್ಯಾಂಕ್ ಇದೆ. ಆ ವಯಸ್ಸಿನಲ್ಲಿ ಒಂದು ಸ್ಥಾನ ಹಿಂದೆ ಬರುವುದು ಸಣ್ಣ ಸಂಗತಿ ಅಲ್ಲ. ಮುಂದೆ ದೊಡ್ಡ ಕೂಟಕ್ಕೆ ಹೋದರೆ ಆ ಸರ್ಟಿಫಿಕೇಟು ಕ್ರೀಡಾ ಕೋಟಾದ ಸೀಟಿನವರೆಗೂ ಬರುತ್ತದೆ. ದೊಡ್ಡವರು ಹುಡುಗರ ಜೊತೆ ಆಡಬೇಕು, ಖಂಡಿತ. ಅದೇ ಮ್ಯಾಟ್, ಅದೇ ಟೇಬಲ್, ಅದೇ ತೀರ್ಪುಗಾರರು ಇರಲಿ, ಮಂಡಿಗೆ ಅದೇ 0.3 ಹೋಗಲಿ. ಆದರೆ ಸ್ಥಾನದ ಪಟ್ಟಿಯಲ್ಲಿ ನಮ್ಮ ಹೆಸರು ಬೇಡ. ಅಂಕ ಬರೆಯಿರಿ, ಸ್ಥಾನ ಬರೆಯಬೇಡಿ. ಬಹುಮಾನದ ಹೊತ್ತಿಗೆ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದೆಸುವ ಏರ್ಪಾಡು ಬೇರೆ ಇತ್ತು. ಹಿಂದಿನ ಬಾಗಿಲಿನಿಂದ ಹೋಗಿ ಕಬ್ಬಿನ ಹಾಲು ಕುಡಿದು ಬಂದೆ.

ಮುಂದಿನ ವಾರ ಹುಡುಗ ನಮ್ಮ ಕ್ಲಾಸಿಗೇ ಬಂದಿದ್ದ, ಅಲ್ಲಿ ಫೋಮ್ ಮ್ಯಾಟ್ ಚೆನ್ನಾಗಿದೆ ಅಂತ. ಇನ್ನು ಮೇಲೆ ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಸಂಘಟಕರಿಗೆ ಹೇಳುತ್ತೇನೆ ಅಂದೆ. ಅವನು ಯೋಚಿಸಿದ. “ನೀವಿದ್ರೆ ಆರರಲ್ಲಿ ಆರನೆಯವ. ನೀವಿಲ್ಲದಿದ್ರೆ ಐದರಲ್ಲಿ ಐದನೆಯವ. ಎರಡೂ ಕೊನೆಯೇ ಅಲ್ವಾ ಮಾಮ?” ಲೆಕ್ಕ ಸರಿಯಾಗಿಯೇ ಇತ್ತು. “ನಿನ್ನ ಅಪ್ಪನಿಗೆ ಎರಡೂ ಒಂದೇ ಅಲ್ಲ” ಅಂದೆ. ಅದಕ್ಕವನು ಏನೂ ಹೇಳದೆ ಓಟದ ಪಟ್ಟಿಯ ಕಡೆ ಹೋದ.

ನಾನು ಸಂಘಟಕರಿಗೆ ಹೇಳಿದ್ದೇನೆ. ದೊಡ್ಡವರು ಮೂವರು ಬಂದರೆ ಬೇರೆ ಗುಂಪೇ ಮಾಡುತ್ತೇವೆ ಅಂದರು. ಮೂವತ್ತು ದಾಟಿರಬೇಕು, ಹ್ಯಾಂಡ್‌ಸ್ಟ್ಯಾಂಡ್ ಬರಬೇಕು, ಅಷ್ಟೇ. ಸುರತ್ಕಲ್‌ನ ಒಬ್ಬರು ಮೇಷ್ಟ್ರು ಒಪ್ಪಿದ್ದಾರೆ. ಇನ್ನೊಬ್ಬರು ಬೇಕು. ನಿಮ್ಮ ಕಡೆ ಹಳೆ ಹುಲಿ ಯಾರಾದರೂ ಇದ್ದರೆ ಕಳಿಸಿ. ಮಂಡಿ ಬಗ್ಗಿದರೂ ಪರವಾಗಿಲ್ಲ, ನನ್ನದಕ್ಕಿಂತ ಜಾಸ್ತಿ ಬಗ್ಗಿದರೆ ಇನ್ನೂ ಒಳ್ಳೆಯದು.