ಸಬ್‌ಮರೀನ್‌ಗೆ ಸುಮ್ನೆ ಒಂದು ಸೈಲೆನ್ಸರ್ ಹಾಕಿದ್ರೆ ಆಗ್ತಿರಲಿಲ್ವಾ?

ಯಂತ್ರಗಳ ಸದ್ದು, ಅದುರಾಟ ಕಡಿಮೆ ಮಾಡೋದು ನನ್ನ ಕೆಲಸ. ಅದನ್ನು ಕಲಿಸಿದವರು ಸಬ್‌ಮರೀನ್‌ಗಳ ಸದ್ದಡಗಿಸುವುದರಲ್ಲೇ ಆಯಸ್ಸು ಕಳೆದ ಒಬ್ಬ ಹಿರಿಯ ಎಂಜಿನಿಯರ್. ಅವರಿಗೆ ಸನ್ಮಾನ ಆದಾಗಿನಿಂದ ಎಲ್ಲರದೂ ಇದೇ ಪ್ರಶ್ನೆ: "ಅಂಥದ್ದೇನು ಮಾಡಿದ್ರು ಅವರು? ಸುಮ್ನೆ ಒಂದು ಸೈಲೆನ್ಸರ್ ಹಾಕಿದ್ರೆ ಆಗ್ತಿರಲಿಲ್ವಾ?" ಹೇಳಿ ಹೇಳಿ ಸಾಕಾಯಿತು. ಇನ್ನು ಮುಂದೆ ಇದನ್ನೇ ಓದಿಕೊಳ್ಳಿ.

ಆಗ್ತಿರಲಿಲ್ಲ. ಸೈಲೆನ್ಸರ್ ಇರುವುದು ಹೊಗೆ ಕೊಳವೆಗೆ. ಸಬ್‌ಮರೀನ್‌ನ ಸದ್ದು ಒಂದೇ ಬಾಯಿಂದ ಬರುವುದಿಲ್ಲ. ಒಳಗೆ ಪಂಪು, ಟರ್ಬೈನು, ಗೇರು ಅದುರಿದರೆ ಉಕ್ಕಿನ ಮೈ ಪೂರಾ ಅದುರುತ್ತದೆ. ಆ ಮೈ ನೀರನ್ನು ಅದುರಿಸುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಜಾಸ್ತಿ. ಬಲು ದೂರ ಕೇಳಿಸುತ್ತದೆ ಕೂಡ. ಶತ್ರುವಿಗೆ ಸಿಕ್ಕಿಬೀಳುವ ಮಾತು ಹಾಗಿರಲಿ, ಗದ್ದಲದ ಸಬ್‌ಮರೀನ್‌ಗೆ ತನ್ನ ಕಿವಿಯೂ ಇಲ್ಲದಂತಾಗುತ್ತದೆ. ಮೊದಲ ಅಣುಶಕ್ತಿ ಸಬ್‌ಮರೀನ್, 1954ರಲ್ಲಿ ನೀರಿಗಿಳಿದ ಅಮೆರಿಕದ ನಾಟಿಲಸ್, ಜೋರಾಗಿ ಓಡಿದರೆ ಅದರ ಸದ್ದಿಗೆ ಅದರದೇ ಸೋನಾರ್, ಅಂದರೆ ನೀರಿನಲ್ಲಿ ಸದ್ದು ಕೇಳಿ ಸುತ್ತ ಏನಿದೆ ಅಂತ ಪತ್ತೆ ಹಚ್ಚುವ ಉಪಕರಣ, ಕಿವುಡಾಗುತ್ತಿತ್ತು.

ಇನ್ನು ಪ್ರೊಪೆಲ್ಲರ್. ವೇಗವಾಗಿ ತಿರುಗುವ ರೆಕ್ಕೆಯ ತುದಿಯಲ್ಲಿ ಒತ್ತಡ ಎಷ್ಟು ಇಳಿಯುತ್ತದೆ ಅಂದರೆ, ತಣ್ಣಗಿನ ನೀರೇ ಕುದಿದು ಗುಳ್ಳೆ ಏಳುತ್ತದೆ. ಗುಳ್ಳೆ ಕುಸಿದಾಗ ಸದ್ದು. ಇದಕ್ಕೆ ಕ್ಯಾವಿಟೇಶನ್ ಅನ್ನುತ್ತಾರೆ. ಅದಕ್ಕೇ ರೆಕ್ಕೆಗಳನ್ನು ಬಾಗಿಸಿ, ದೊಡ್ಡದು ಮಾಡಿ, ನಿಧಾನ ತಿರುಗಿಸುತ್ತಾರೆ.

ಇಷ್ಟು ಹೇಳಿದ ಮೇಲೂ "ಸರಿ, ಅವರು ಮಾಡಿದ್ದು ಯಾವುದು, ತೋರಿಸಿ" ಅನ್ನುತ್ತಾರೆ. ಸೇತುವೆ ಕಟ್ಟಿದವರ ಸೇತುವೆ ತೋರಿಸಬಹುದು. ಕೇಳಿಸದ ಸದ್ದನ್ನು ಹೇಗೆ ತೋರಿಸಲಿ?

ಸದ್ದು ಎಲ್ಲಿಂದ ಬರ್ತಿದೆ ಅಂತ ಹೇಗೆ ಕಂಡುಹಿಡಿದ್ರು? ಇದನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಕೂರಿಸಿಕೊಂಡು ಹೇಳುತ್ತಿದ್ದೆ. ಅಮೆರಿಕದ ಐಡಾಹೋದಲ್ಲಿ ಪಾಂಡರೇ ಅಂತ ಒಂದು ಸರೋವರ ಇದೆ. 350 ಮೀಟರ್ ಆಳ, ತುಂಬ ಶಾಂತ. ಸಮುದ್ರ ಎಲ್ಲೋ ದೂರದಲ್ಲಿ, ಆದರೂ ನೌಕಾಪಡೆ ಸಬ್‌ಮರೀನ್ ಮಾದರಿಗಳನ್ನು ಪರೀಕ್ಷಿಸುವುದು ಅಲ್ಲೇ. ಸೀವುಲ್ಫ್ ಸಬ್‌ಮರೀನ್‌ನ ಕಾಲು ಅಳತೆಯ ಮಾದರಿ ಕೊಕನೀ ಓಡಿದ್ದು ಈ ನೀರಿನಲ್ಲಿ. ಕೆಲವು ಮಾದರಿಗಳಿಗೆ ಎಂಜಿನ್ನೇ ಇರುವುದಿಲ್ಲ. ಅವನ್ನು ತಳದವರೆಗೆ ಎಳೆದು ಬಿಟ್ಟುಬಿಡುತ್ತಾರೆ. ತೇಲುವ ಬಲದಿಂದ ತಾನೇ ಮೇಲೇರುತ್ತವೆ. ಆಗ ಕೇಳಿಸುವುದು ಮೈ ಸವರಿ ಹರಿಯುವ ನೀರಿನ ಸದ್ದು ಮಾತ್ರ. ಒಂದೊಂದೇ ಸದ್ದನ್ನು ಬಿಡಿಸಿ ಕೇಳುವುದು ಅಂದರೆ ಇದು. ಎಂಥ ಚಂದದ ಉಪಾಯ ಅಲ್ವಾ?

ನಮ್ಮ ಹಿರಿಯ ಎಂಜಿನಿಯರ್ ನನಗೆ ಇದೇ ಪಾಠವನ್ನು ಒಂದು ಮಾಮೂಲಿ ಪಂಪಿನ ಹತ್ತಿರ ಕಲಿಸಿದರು. ಸಬ್‌ಮರೀನ್‌ನಲ್ಲಿ ಯಂತ್ರಗಳನ್ನು ಮೈಗೆ ನೇರ ಬಿಗಿಯುವುದಿಲ್ಲ, ನಡುವೆ ಅದುರಾಟ ತಡೆಯುವ ರಬ್ಬರಿನ ಮೆತ್ತೆ, ಅಂದರೆ ಮೌಂಟ್, ಇರುತ್ತದೆ. ಈ ಪಂಪಿಗೂ ಹೊಸ ಮೌಂಟ್ ಹಾಕಿದ್ದೆವು. ಆದರೂ ನೆಲ ಗುಂಯ್ ಅನ್ನುತ್ತಿತ್ತು. ಎರಡು ದಿನ ಲೆಕ್ಕ ಹಾಕಿ ನಾನು ಸೋತಿದ್ದೆ. ಅವರು ಬಂದು ಪಂಪಿನ ಸುತ್ತ ಅಂಗೈ ಊರುತ್ತಾ ನಡೆದರು. ಒಂದು ಮೂಲೆಯಲ್ಲಿ ನಿಂತು, ಬಗ್ಗಿ, ಕೈ ತೂರಿಸಿದರು. ಪಂಪಿನ ಪೀಠಕ್ಕೂ ನೆಲಕ್ಕೂ ನಡುವೆ ಒಂದು ಸ್ಪ್ಯಾನರ್ ಸಿಕ್ಕಿಕೊಂಡಿತ್ತು. ರಬ್ಬರಿದ್ದೂ ಅದುರಾಟವೆಲ್ಲ ಆ ಕಬ್ಬಿಣದಲ್ಲಿ ಇಳಿದು ನೆಲ ಸೇರುತ್ತಿತ್ತು.

ಎಳೆದು ತೆಗೆದರು. "ಈಗ ಕೈಯಿಟ್ಟು ನೋಡಪ್ಪ" ಅಂದರು. ಇಟ್ಟೆ. ಪಂಪು ಓಡುತ್ತಲೇ ಇತ್ತು. ನೆಲದಲ್ಲಿ ಏನೂ ಇರಲಿಲ್ಲ.